ಲಕ್ಷ ವ್ಯೂಸ್ ಬಂದರೂ ಕೈಗೆ ಕಾಸು ಯಾಕಿಲ್ಲ? ನಮ್ಮ ಭಾಗದ ಸಂಗೀತಗಾರರ ದುಡಿಮೆಯ ಲೆಕ್ಕ

ಸಿಂಧನೂರಿನ ಕಡೆ ಭತ್ತ ಹೇರಿದ ಟ್ರ್ಯಾಕ್ಟರ್ ಇರಲಿ, ಕೊಪ್ಪಳದ ಚಹಾ ಅಂಗಡಿ ಇರಲಿ, ಬಳ್ಳಾರಿಯ ಮದುವೆ ಮೆರವಣಿಗೆ ಇರಲಿ, ಈಗ ಎಲ್ಲ ಕಡೆ ಕೇಳುವುದು ಉತ್ತರ ಕರ್ನಾಟಕದ ಜಾನಪದ ಹಾಡು. ಎಷ್ಟೋ ಸಲ ಹಾಡಿದವರು ಪಕ್ಕದ ತಾಲ್ಲೂಕಿನವರೇ ಆಗಿರುತ್ತಾರೆ. ಯೂಟ್ಯೂಬ್‌ನಲ್ಲಿ ಲಕ್ಷಗಟ್ಟಲೆ ಜನ ನೋಡಿರುತ್ತಾರೆ. ಇದನ್ನು ಕಂಡು ಮನೆಯಲ್ಲಿ ಮಗ ಕೀಬೋರ್ಡ್ ಕೊಡಿಸಿ ಅನ್ನುತ್ತಾನೆ. ಮಗಳು ಹಾಡೋದನ್ನೇ ಮುಂದುವರಿಸ್ತೀನಿ ಅನ್ನುತ್ತಾಳೆ. ಅಪ್ಪ ಅವ್ವ ಕೇಳುವುದು ಒಂದೇ ಮಾತು: ಇದರಿಂದ ಹೊಟ್ಟೆ ತುಂಬುತ್ತಾ?

ನ್ಯಾಯವಾದ ಪ್ರಶ್ನೆ. ಯಾಕಂದ್ರೆ ರಾತ್ರಿ ವೇದಿಕೆ ಮೇಲೆ ಚಪ್ಪಾಳೆ ಗಿಟ್ಟಿಸಿದವರು ಬೆಳಗ್ಗೆ ಗ್ಯಾರೇಜಿನಲ್ಲೋ ಕಿರಾಣಿ ಅಂಗಡಿಯಲ್ಲೋ ಕೆಲಸಕ್ಕೆ ನಿಂತಿರುವುದನ್ನು ನಾವೇ ನೋಡುತ್ತೇವೆ. ಹಾಗಾದರೆ ಆ ದುಡ್ಡೆಲ್ಲ ಎಲ್ಲಿಗೆ ಹೋಯಿತು?

ಸಂಗೀತಗಾರರಿಗೆ ಸಂಪಾದನೆ ಕಡಿಮೆ ಅನ್ನುವುದು ಅರ್ಧ ಮಾತು ಮಾತ್ರ. ಇನ್ನರ್ಧದಲ್ಲಿ ಎರಡು ಸಂಗತಿ ಇವೆ. ಒಂದು, ದುಡ್ಡು ದಿನದ ಲೆಕ್ಕದಲ್ಲಿ ಬರುತ್ತದೆ, ಖರ್ಚು ಮಾತ್ರ ತಿಂಗಳ ಲೆಕ್ಕದಲ್ಲಿ ತಪ್ಪದೆ ಬರುತ್ತದೆ. ಎರಡು, ವರ್ಷಗಟ್ಟಲೆ ಬರಬಹುದಾದ ದುಡ್ಡಿನ ದಾರಿಯನ್ನು ಬಹಳ ಜನ ಮೊದಲ ದಿನವೇ ಬೇರೆಯವರಿಗೆ ಬರೆದುಕೊಟ್ಟಿರುತ್ತಾರೆ. ಇವೆರಡೂ ತಿಳಿದರೆ ಉಳಿದದ್ದು ತಾನಾಗಿಯೇ ತಿಳಿಯುತ್ತದೆ.

ದುಡ್ಡು ಎಲ್ಲೆಲ್ಲಿಂದ ಬರುತ್ತದೆ

ಬೆಂಗಳೂರಿನವರಿಗೆ ಸಂಗೀತಗಾರ ಅಂದರೆ ಸಿನಿಮಾ, ಸ್ಟುಡಿಯೋ, ಹೋಟೆಲಿನ ಬ್ಯಾಂಡ್ ನೆನಪಾಗಬಹುದು. ರಾಯಚೂರು, ಕೊಪ್ಪಳ, ಬಳ್ಳಾರಿ, ನಮ್ಮ ಈ ಮೂರು ಜಿಲ್ಲೆಗಳ ಲೆಕ್ಕವೇ ಬೇರೆ.

ಶ್ರಾವಣ ಬಂತು ಅಂದರೆ ಮಠಗಳಲ್ಲಿ, ಗುಡಿಗಳಲ್ಲಿ ಪುರಾಣ ಹಚ್ಚುತ್ತಾರೆ. ಸ್ವಾಮಿಗಳೋ ಶಾಸ್ತ್ರಿಗಳೋ ಪ್ರವಚನ ಹೇಳುತ್ತಾರೆ. ನಡುನಡುವೆ ಗವಾಯಿಗಳು ವಚನ, ತತ್ವಪದ ಹಾಡುತ್ತಾರೆ, ಪಕ್ಕದಲ್ಲಿ ತಬಲಾ ಸಾಥ್ ಇರುತ್ತದೆ. ನವರಾತ್ರಿಯಲ್ಲಿ ದೇವಿ ಪುರಾಣ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದ ಎಷ್ಟೋ ಗಾಯಕರಿಗೆ, ಅದರಲ್ಲೂ ಕಣ್ಣು ಕಾಣದ ಗಾಯಕರಿಗೆ, ಇದು ದೊಡ್ಡ ಆಸರೆ. ಊಟ, ವಸತಿ ಊರಿನವರದ್ದು. ಮಂಗಲದ ದಿನ ಶಾಲು ಹೊದಿಸಿ, ಹಾರ ಹಾಕಿ ಗೌರವಧನ ಕೊಡುತ್ತಾರೆ. ಅದು ಎಷ್ಟು ಅನ್ನುವುದು ಮೊದಲೇ ಮಾತಾಗಿರುವುದು ಅಪರೂಪ. ದೇವರ ಕಾರ್ಯದಲ್ಲಿ ರೇಟು ಮಾತಾಡುವುದು ಹೇಗೆ ಅಂತ ಗವಾಯಿಗಳಿಗೂ ಸಂಕೋಚ, ಊರಿನ ಹಿರಿಯರಿಗೂ ಸಂಕೋಚ. ತಿಂಗಳು ಪೂರ್ತಿ ಹಾಡಿದ್ದರ ಬೆಲೆ ಹೀಗೆ ಕೊನೆಯ ದಿನದ ತನಕ ಗೊತ್ತೇ ಇರುವುದಿಲ್ಲ.

ಎರಡನೆಯದು ಜಾತ್ರೆಯ ನಾಟಕ. ಬಳ್ಳಾರಿಯ ಸುಭದ್ರಮ್ಮ ಮನ್ಸೂರು ಅವರ ರಂಗಗೀತೆ ಕೇಳಿ ಬೆಳೆದ ಸೀಮೆ ಇದು. ಇವತ್ತಿಗೂ ಊರ ಹುಡುಗರು ನಾಟಕ ಆಡಬೇಕು ಅಂದರೆ ಪೇಟಿ ಮಾಸ್ತರು, ಅಂದರೆ ಹಾರ್ಮೋನಿಯಂ ನುಡಿಸಿ ನಾಟಕ ಕಲಿಸುವವರು, ಬೇಕೇ ಬೇಕು. ಹೊಲದ ಕೆಲಸ ಮುಗಿಸಿ ಬಂದ ಹುಡುಗರಿಗೆ ರಾತ್ರಿ ಹೊತ್ತು ವಾರಗಟ್ಟಲೆ ತಾಲೀಮು ಕೊಡುವುದು, ಹಾಡು ಬಾಯಿಪಾಠ ಮಾಡಿಸುವುದು, ಸ್ತ್ರೀ ಪಾತ್ರಕ್ಕೆ ನಟಿಯರನ್ನು ಗೊತ್ತು ಮಾಡುವುದು, ಪರದೆಯವರಿಗೆ ಹೇಳುವುದು, ಕಡೆಗೆ ಪ್ರದರ್ಶನದ ರಾತ್ರಿ ಬೆಳಗಿನ ತನಕ ಪೇಟಿ ಬಾರಿಸುವುದು, ಎಲ್ಲ ಅವರದೇ. ಮೊದಲು ಸಂಚಕಾರ, ಅಂದರೆ ಮುಂಗಡ, ಅಂತ ಸ್ವಲ್ಪ ಕೊಟ್ಟಿರುತ್ತಾರೆ. ಬಾಕಿ ಲೆಕ್ಕ ನಾಟಕ ಮುಗಿದ ಮೇಲೆ. ಆಗ ಬೆಳಗಿನ ನಾಲ್ಕೋ ಐದೋ ಗಂಟೆ. ಪರದೆ ಬಿಚ್ಚುತ್ತಿರುತ್ತಾರೆ, ಸೌಂಡ್‌ನವರು ವೈರು ಸುತ್ತುತ್ತಿರುತ್ತಾರೆ. ಕಮಿಟಿಯವರು ಗುಡಿಯ ಕಟ್ಟೆ ಮೇಲೆ ಕೂತು ಊರಲ್ಲಿ ಪಟ್ಟಿ (ವಂತಿಗೆ) ಎತ್ತಿದ ದುಡ್ಡು ಎಣಿಸುತ್ತಾರೆ. ಮೊದಲು ಸೌಂಡ್‌ನವರಿಗೆ, ಆಮೇಲೆ ಪರದೆಯವರಿಗೆ, ನಟಿಯರಿಗೆ. ಅವರೆಲ್ಲ ಗಾಡಿ ಹತ್ತಬೇಕು, ನಿಲ್ಲುವ ಹಾಗಿಲ್ಲ. ಮಾಸ್ತರ ಸರದಿ ಬರುವ ಹೊತ್ತಿಗೆ "ಮಾಸ್ತರ, ಈ ಸಲ ಪಟ್ಟಿ ಕಡಿಮಿ ಬಂತು, ಸ್ವಲ್ಪ ಅಡ್ಜಸ್ಟ್ ಮಾಡ್ಕೊರ್ರಿ" ಅನ್ನುವ ಮಾತು ಬರುತ್ತದೆ. ಮುಂದಿನ ವರ್ಷವೂ ಇದೇ ಊರು ಕರೆಯಬೇಕಲ್ಲ? ಮಾಸ್ತರು ಹೂಂ ಅನ್ನುತ್ತಾರೆ.

ಇವಲ್ಲದೆ ಮದುವೆ ಮನೆಯ ಶಹನಾಯಿ, ಬ್ಯಾಂಡ್ ಸೆಟ್, ಗಣೇಶ ಹಬ್ಬದ ರಸಮಂಜರಿ, ಸರ್ಕಾರದ ಉತ್ಸವಗಳು, ಆಕಾಶವಾಣಿ, ಮನೆಪಾಠ ಇವೆ. ಆಕಾಶವಾಣಿಯಲ್ಲಿ ಧ್ವನಿ ಪರೀಕ್ಷೆ ಪಾಸಾದವರಿಗೆ ಶ್ರೇಣಿ ಕೊಡುತ್ತಾರೆ, ಶ್ರೇಣಿಗೆ ತಕ್ಕ ಸಂಭಾವನೆ. ಅದು ಗೌರವದ ದುಡ್ಡು, ಆದರೆ ವರ್ಷಕ್ಕೆ ಬರುವ ಅವಕಾಶ ಬೆರಳೆಣಿಕೆಯಷ್ಟು. ನನ್ನ ಪ್ರಕಾರ ಇದ್ದುದರಲ್ಲಿ ಭರವಸೆಯ ಆದಾಯ ಅಂದರೆ ಪಾಠ. ಜೂನಿಯರ್, ಸೀನಿಯರ್ ಪರೀಕ್ಷೆಗೆ ಮಕ್ಕಳನ್ನು ಕೂರಿಸುವ ಗುರುಗಳಿಗೆ ತಿಂಗಳಿಗಿಷ್ಟು ಅಂತ ಫೀ ಬರುತ್ತದೆ. ಅದೂ ಬೇಸಿಗೆ ರಜೆಯಲ್ಲಿ, ಶಾಲೆಯ ಪರೀಕ್ಷೆ ಹೊತ್ತಿನಲ್ಲಿ ನಿಲ್ಲುತ್ತದೆ.

ಟಿಕೆಟ್ ತೆಗೆದು ಸಂಗೀತ ಕೇಳುವ ರೂಢಿ ನಮ್ಮಲ್ಲಿ ತೀರಾ ಕಡಿಮೆ ಅನ್ನುವುದನ್ನೂ ಮರೆಯಬಾರದು. ಕಂಪನಿ ನಾಟಕಕ್ಕೆ ಟಿಕೆಟ್ ತೆಗೆಯುತ್ತಿದ್ದ ಜನ ಸಂಗೀತ ಕಛೇರಿಗೆ ಆಮಂತ್ರಣ ಪತ್ರಿಕೆ ಬರಲಿ ಅಂತ ಕಾಯುತ್ತಾರೆ. ಹೀಗಾಗಿ ಕೇಳುವವರಿಂದ ನೇರವಾಗಿ ದುಡ್ಡು ಬರುವುದಿಲ್ಲ. ನಡುವೆ ಯಾವಾಗಲೂ ಒಬ್ಬರು ಇರುತ್ತಾರೆ. ಮಠ, ಕಮಿಟಿ, ಬೀಗರು, ಇಲಾಖೆ, ಈಗ ಯೂಟ್ಯೂಬ್ ಚಾನೆಲ್.

ಒಂದು ರಾತ್ರಿಯ ಲೆಕ್ಕ

ರಸಮಂಜರಿ ತಂಡ ಒಂದು ಕಾರ್ಯಕ್ರಮಕ್ಕೆ 40,000 ರೂಪಾಯಿ ತೆಗೆದುಕೊಳ್ಳುತ್ತದೆ ಅಂತ ಕೇಳಿದರೆ ಊರಿನವರು ಹುಬ್ಬೇರಿಸುತ್ತಾರೆ. ಲೆಕ್ಕ ಅರ್ಥವಾಗಲಿ ಅಂತ ಒಂದು ಅಂದಾಜು ಹಾಕೋಣ. ಊರಿಂದ ಊರಿಗೆ ಅಂಕಿ ಹೆಚ್ಚು ಕಡಿಮೆ ಆಗುತ್ತದೆ, ಪಾಲು ಹಂಚಿಕೆಯ ರೀತಿ ಮಾತ್ರ ಹೀಗೆಯೇ ಇರುತ್ತದೆ.

ಸೌಂಡ್ ಮತ್ತು ಲೈಟಿಗೆ 14,000. ಗಾಡಿ ಬಾಡಿಗೆ, ಡೀಸೆಲ್, ಡ್ರೈವರ್ ಬತ್ತೆ ಸೇರಿ 5,000. ಕಾರ್ಯಕ್ರಮ ಕೊಡಿಸಿದ ಮಧ್ಯವರ್ತಿಗೆ 4,000. ದಾರಿಯ ಊಟ, ಚಹಾಕ್ಕೆ 1,000. ಅಲ್ಲಿಗೆ 24,000 ಹೋಯಿತು. ಉಳಿದ 16,000 ರೂಪಾಯಿಯನ್ನು ಎಂಟು ಜನ ಹಂಚಿಕೊಳ್ಳಬೇಕು. ಗಾಯಕರು, ಕೀಬೋರ್ಡ್, ರಿದಂ ಪ್ಯಾಡ್, ತಬಲಾ, ನಿರೂಪಕ ಎಲ್ಲ ಸೇರಿ. ತಲೆಗೆ 2,000.

ಮಧ್ಯಾಹ್ನ ಮೂರಕ್ಕೆ ಮನೆ ಬಿಟ್ಟವರು ಮರುದಿನ ಬೆಳಗ್ಗೆ ಮನೆ ಸೇರುತ್ತಾರೆ. ಆ 2,000 ರೂಪಾಯಿ ಎರಡು ದಿನದ ಕೂಲಿ. ಮನೆಯಲ್ಲಿ ಮಾಡಿದ ರಿಯಾಜು, ಹೊಸ ಹಾಡು ಕಲಿಯಲು ಹಿಡಿದ ಸಮಯ ಯಾವ ಲೆಕ್ಕಕ್ಕೂ ಬರುವುದಿಲ್ಲ. ವರ್ಷಕ್ಕೆ 60 ಕಾರ್ಯಕ್ರಮ ಸಿಕ್ಕವು ಅಂದುಕೊಳ್ಳಿ. ಅದು ಒಳ್ಳೆಯ ವರ್ಷವೇ. ಒಟ್ಟು 1,20,000. ಬಟ್ಟೆ, ವಾದ್ಯದ ರಿಪೇರಿ, ಓಡಾಟಕ್ಕೆ 20,000 ತೆಗೆದರೆ ಉಳಿಯುವುದು 1,00,000. ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ 8,300ರ ಆಸುಪಾಸು. ವೇದಿಕೆ ಮೇಲಿನ ಕೋಟು ಕಂಡವರಿಗೆ ಈ ಅಂಕಿ ಕಾಣುವುದಿಲ್ಲ.

ಡಿಜೆ ಬಂದ ಮೇಲೆ ಇದು ಇನ್ನಷ್ಟು ಬಿಗಿಯಾಗಿದೆ. ಡಿಜೆಗೆ ಇಬ್ಬರು ಮೂವರು ಸಾಕು, ಹಾಡುವವರ ಪಾಲೇ ಇಲ್ಲ. ಎಂಟು ಹತ್ತು ಜನರ ತಂಡ ಅದೇ ದರಕ್ಕೆ ಬರಲು ಹೇಗೆ ಸಾಧ್ಯ? ಹಾಗಂತ ಡಿಜೆಯವರನ್ನು ದೂರಿ ಪ್ರಯೋಜನ ಇಲ್ಲ. ಆ ಹುಡುಗರೂ ಸಾಲ ಮಾಡಿ ಬಾಕ್ಸ್ ತಂದಿರುತ್ತಾರೆ.

ಬೆಳಗಿನ ತನಕ ನಡೆಯುವ ಬಯಲಾಟ, ನಾಟಕಗಳಿಗೆ ಕಾನೂನಿನ ತೊಡಕೂ ಇದೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ವರ್ಷಕ್ಕೆ ಹೆಚ್ಚೆಂದರೆ 15 ದಿನ, ಅದೂ ರಾತ್ರಿ 12ರ ತನಕ, ರಾಜ್ಯ ಸರ್ಕಾರ ಸಡಿಲಿಕೆ ಕೊಡಬಹುದು. ನಡುರಾತ್ರಿ ಆಟ ನಿಂತರೆ ಕಮಿಟಿಯವರು ಬಾಕಿ ದುಡ್ಡಿನಲ್ಲೂ ಕಡಿತ ಮಾಡುತ್ತಾರೆ.

ಪಂಚಾಂಗ ನೋಡಿ, ಕಾಲುವೆ ನೋಡಿ

ಸಂಬಳದವರಿಗೆ ತಿಂಗಳು ಮೂವತ್ತು ದಿನದ್ದು. ಸಂಗೀತಗಾರರಿಗೆ ವರ್ಷ ಅಂದರೆ ಸುಗ್ಗಿ ಮತ್ತು ಬರಗಾಲ.

ಕಾರ್ತಿಕದಲ್ಲಿ ತುಳಸಿ ಲಗ್ನ ಆದ ಮೇಲೆ ಮದುವೆ ಶುರು. ಪುಷ್ಯದಲ್ಲಿ ಮದುವೆ ಇಲ್ಲದಿದ್ದರೂ ಜಾತ್ರೆಗಳಿವೆ, ಕೊಪ್ಪಳದ ಗವಿಮಠದ ಜಾತ್ರೆ ಆಗಲೇ. ಮಾಘದಿಂದ ವೈಶಾಖದವರೆಗೆ ಲಗ್ನ, ಜಾತ್ರೆ, ನಾಟಕ ಒಟ್ಟಿಗೆ ಬರುತ್ತವೆ. ಒಂದೇ ದಿನಕ್ಕೆ ಮೂರು ಊರಿನವರು ಕರೆಯುತ್ತಾರೆ, ಇಬ್ಬರಿಗೆ ಇಲ್ಲ ಅನ್ನಬೇಕು. ಮುಂಗಾರು ಬಿತ್ತನೆ ಹೊತ್ತಿಗೆ ಎಲ್ಲ ತಣ್ಣಗಾಗುತ್ತದೆ. ಆಷಾಢದಲ್ಲಿ ಮದುವೆಯೇ ಇಲ್ಲ. ಶ್ರಾವಣದಲ್ಲಿ ಗವಾಯಿಗಳಿಗೆ ಕೆಲಸ, ಭಾದ್ರಪದದಲ್ಲಿ ಗಣೇಶನ ಮುಂದೆ ರಸಮಂಜರಿಯವರಿಗೆ ಕೆಲಸ. ಪಿತೃಪಕ್ಷದಲ್ಲಿ ಮತ್ತೆ ಎಲ್ಲರೂ ಖಾಲಿ.

ತೊಂದರೆ ಎಲ್ಲಿದೆ ನೋಡಿ. ಮನೆ ಬಾಡಿಗೆ, ಸಂಘದ ಕಂತು, ದಿನಸಿ ಇವಕ್ಕೆ ಆಷಾಢ ಗೊತ್ತಿಲ್ಲ. ಜೂನ್‌ನಲ್ಲಿ ಶಾಲೆ ಶುರುವಾಗಿ ಫೀ ಕಟ್ಟುವ ಹೊತ್ತಿಗೇ ಕೈ ಬರಿದು. ಸುಗ್ಗಿಯ ದುಡ್ಡು ಹಿಂದಿನ ಸಾಲ ತೀರಿಸಲು ಹೋಗಿರುತ್ತದೆ, ಖಾಲಿ ತಿಂಗಳಿಗೆ ಹೊಸ ಸಾಲ. ಅದರಲ್ಲೂ ಬ್ಯಾಂಕಿನದಲ್ಲ, ಕೈಬಡ್ಡಿಗೆ ತಂದ ಸಾಲವೇ ಜಾಸ್ತಿ, ಅದಕ್ಕೆ ಕಾರಣ ಆಮೇಲೆ ಹೇಳುತ್ತೇನೆ.

ಇದರ ಮೇಲೆ ಕಾಲುವೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಕೊಪ್ಪಳ, ರಾಯಚೂರು ಜಿಲ್ಲೆಗಳ ಹೊಲಗಳಿಗೆ ಹೋಗುತ್ತದೆ, ಬಲದಂಡೆಯದು ಬಳ್ಳಾರಿ ಕಡೆಗೆ. ಗಂಗಾವತಿ, ಸಿಂಧನೂರು, ಸಿರುಗುಪ್ಪದಲ್ಲಿ ಭತ್ತಕ್ಕೆ ಒಳ್ಳೆ ರೇಟು ಸಿಕ್ಕ ವರ್ಷ ನಾಟಕ ಎರಡು ದಿನ ನಡೆಯುತ್ತದೆ, ಮದುವೆಗೆ ಬ್ಯಾಂಡೂ ಬರುತ್ತದೆ, ರಸಮಂಜರಿಯೂ ಬರುತ್ತದೆ. ಬೆಳೆ ಕೈಕೊಟ್ಟರೆ ಜನ ಮೊದಲು ಕೈಬಿಡುವುದು ಇದನ್ನೇ. ಊಟ ಬಿಡುವ ಹಾಗಿಲ್ಲ, ಶಾಮಿಯಾನ ಬಿಡುವ ಹಾಗಿಲ್ಲ, ಹಾಡು ಬಿಡಬಹುದು. 2023ರಲ್ಲಿ ರಾಜ್ಯದ ಬಹುತೇಕ ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದ್ದರು. ಮರುವರ್ಷ, 2024ರ ಆಗಸ್ಟ್‌ನಲ್ಲಿ, ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋಯಿತು. ಆಗ ರೈತರ ಎದೆ ಹೊಡೆದುಕೊಂಡಿದ್ದು ಎಲ್ಲರಿಗೂ ಗೊತ್ತು. ಅದೇ ಕಾಲುವೆಯನ್ನು ನಂಬಿರುವ ಪೇಟಿ ಮಾಸ್ತರು, ಶಹನಾಯಿಯವರ ಬಗ್ಗೆ ಯಾರೂ ಮಾತಾಡಲಿಲ್ಲ. ಬೆಳೆಹಾನಿಗೆ ಪರಿಹಾರದ ಪಟ್ಟಿ ಇದೆ, ರದ್ದಾದ ನಾಟಕಕ್ಕೆ ಇಲ್ಲ.

ಹಿಂದೆ ಹಲಗೆ, ಸನಾದಿ ನುಡಿಸುವವರಿಗೆ ಕಣದಲ್ಲಿ ಆಯ ಅಂತ ಕಾಳು ಅಳೆದು ಕೊಡುತ್ತಿದ್ದರು. ಅದರಲ್ಲಿ ಜಾತಿಯ ಕಟ್ಟು, ಅವಮಾನ ಎರಡೂ ಇದ್ದವು, ಅದು ಹೋಗಿದ್ದೇ ಒಳ್ಳೆಯದು. ಆದರೆ ಅದರ ಜಾಗಕ್ಕೆ ವರ್ಷಪೂರ್ತಿಯ ಬೇರೆ ಯಾವ ಭರವಸೆಯೂ ಬರಲಿಲ್ಲ ಅನ್ನುವುದು ನಿಜ.

ವಾದ್ಯವೂ ಉಣ್ಣುತ್ತದೆ

ತಬಲಾದವರ ಚೀಲ ಬಿಚ್ಚಿಸಿ ನೋಡಿ. ಎಡಗೈಯಲ್ಲಿ ನುಡಿಸುವ ಡಗ್ಗಾ ಒಂದು ಇದ್ದರೆ ಜೊತೆಗೆ ಎರಡು ಮೂರು ತಬಲಾ ಇರುತ್ತವೆ. ಯಾಕೆ ಅಂದರೆ ಒಂದು ತಬಲಾವನ್ನು ಸ್ವಲ್ಪ ಮಟ್ಟಿಗೆ ಮಾತ್ರ ಏರಿಸಿ ಇಳಿಸಬಹುದು. ಹಾಡುವ ಶ್ರುತಿಯನ್ನು ಪೇಟಿಯ ಕಪ್ಪು, ಬಿಳಿ ಮನೆಗಳ (ಒತ್ತುವ ಕೀಗಳ) ಲೆಕ್ಕದಲ್ಲಿ ಹೇಳುತ್ತಾರೆ. ಗಂಡಸರು ಕಪ್ಪು ಒಂದರಲ್ಲಿ ಹಾಡಿದರೆ ಒಂದು ತಬಲಾ, ಹೆಣ್ಣುಮಕ್ಕಳು ಬಿಳಿ ಐದರಲ್ಲಿ ಹಾಡಿದರೆ ಬೇರೆ ತಬಲಾ. ಮೇಲಿನದು ಆಡಿನ ಚರ್ಮ. ಮಳೆಗಾಲದ ತೇವಕ್ಕೆ ಸಡಿಲಾಗುತ್ತದೆ. ರಾಯಚೂರಿನ ಬೇಸಿಗೆಗೆ ಬಿಗಿದು, ಸುತ್ತಿಗೆ ಏಟು ಸ್ವಲ್ಪ ಜಾಸ್ತಿ ಬಿದ್ದರೆ ಹರಿಯುತ್ತದೆ. ನಡುವಿನ ಕಪ್ಪು ಲೇಪ, ಅಂದರೆ ಕರಣೆ, ದಿನ ಕಳೆದಂತೆ ಉದುರುತ್ತದೆ. ಚರ್ಮ ಹಾಕಿಸುವುದು ಅಂದರೆ ಸುಮ್ನೆ ಅಂಗಡಿಯಲ್ಲಿ ಕೊಂಡು ತರುವ ಸಾಮಾನಲ್ಲ, ಕೈ ಪಳಗಿದವರೇ ಮಾಡಬೇಕು. ಅಂಥವರು ಎಲ್ಲ ಊರಿನಲ್ಲಿ ಇಲ್ಲ. ದೂರದ ಊರಿಗೆ ಹೋಗಿ ಕೊಟ್ಟು ಬರಬೇಕು, ಮತ್ತೆ ಹೋಗಿ ತರಬೇಕು. ಅಷ್ಟು ದಿನ ಬೇರೆಯವರ ತಬಲಾ ಕೇಳಿ ತರಬೇಕು.

ಪೇಟಿಗೂ ಇದೇ ಪಾಡು. ತಿದಿ ಹರಿಯುತ್ತದೆ, ಸ್ವರಗಳು ಇಳಿಯುತ್ತವೆ, ಧೂಳಿನ ರಸ್ತೆಯಲ್ಲಿ ಗಾಡಿಯ ಮೇಲೆ ಹೋಗಿ ಬಂದರೆ ಮನೆಗಳು ಕಚ್ಚಿಕೊಳ್ಳುತ್ತವೆ. ಕೀಬೋರ್ಡ್ ಮತ್ತು ರಿದಂ ಪ್ಯಾಡಿನದು ಇನ್ನೊಂದು ರೀತಿ. ಹೊಸ ಹಾಡಿನ ಸದ್ದು ಬೇಕು ಅಂತ ಕೆಲವು ವರ್ಷಕ್ಕೊಮ್ಮೆ ಹೊಸದೇ ಬೇಕಾಗುತ್ತದೆ. ಮಕ್ಕಳಿಗೆ ವಾದ್ಯ ಕೊಡಿಸುವಾಗ ಅದರ ಬೆಲೆಯೊಂದನ್ನೇ ನೋಡದೆ ವರ್ಷದ ರಿಪೇರಿಯ ಲೆಕ್ಕವನ್ನೂ ಹಿಡಿಯಿರಿ.

ಹಾಡಿನ ಮಾಲೀಕರು ಯಾರು?

ಈಗ ಬಹಳ ಮುಖ್ಯವಾದ ವಿಷಯಕ್ಕೆ ಬಂದೆವು. ಒಂದು ಹಾಡಿನಲ್ಲಿ ಹಕ್ಕು ಒಂದಲ್ಲ, ಮೂರ್ನಾಲ್ಕು ಇರುತ್ತವೆ. ಸಾಹಿತ್ಯ ಬರೆದವರದು ಒಂದು. ರಾಗ ಕೂಡಿಸಿದವರದು ಒಂದು. ರೆಕಾರ್ಡ್ ಮಾಡಿದ ಧ್ವನಿಯದು ಇನ್ನೊಂದು, ಅದು ಸಾಮಾನ್ಯವಾಗಿ ದುಡ್ಡು ಹಾಕಿ ರೆಕಾರ್ಡ್ ಮಾಡಿಸಿದ ನಿರ್ಮಾಪಕರದು. ಹಾಡಿದವರಿಗೆ, ನುಡಿಸಿದವರಿಗೆ ಪ್ರದರ್ಶಕರ ಹಕ್ಕು ಅಂತ ಬೇರೆ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆ ಇದಕ್ಕೆ ಆಧಾರ, 2012ರಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿ ಆಯಿತು.

ಬರೆದವರ ಮತ್ತು ರಾಗ ಹಾಕಿದವರ ಹಕ್ಕು ಅವರು ಬದುಕಿರುವ ತನಕ, ಆಮೇಲೆ 60 ವರ್ಷ ಇರುತ್ತದೆ. ಧ್ವನಿಮುದ್ರಣದ್ದು ಬಿಡುಗಡೆಯಾದ ಮೇಲೆ 60 ವರ್ಷ. ಪ್ರದರ್ಶಕರದು 50 ವರ್ಷ. ಅಂದರೆ 25ನೇ ವಯಸ್ಸಿನಲ್ಲಿ ಹಾಡಿದ ಹಾಡಿನ ಹಕ್ಕು ಮುಪ್ಪಿನ ತನಕ ಜೊತೆಗಿರುತ್ತದೆ.

ಶರಣರ ವಚನ, ದಾಸರ ಪದ, ಹಳೆಯ ತತ್ವಪದಗಳಿಗೆ ಈ ಅವಧಿ ಎಂದೋ ಮುಗಿದಿದೆ. ಮಾನ್ವಿಯ ಜಗನ್ನಾಥದಾಸರ ಪದವನ್ನು ಯಾರು ಬೇಕಾದರೂ ಹಾಡಬಹುದು. ಆದರೆ ನೀವು ಹಾಡಿ ರೆಕಾರ್ಡ್ ಮಾಡಿದ್ದಕ್ಕೆ ಹೊಸ ಹಕ್ಕು ಹುಟ್ಟುತ್ತದೆ. ಹಳೆಯ ಪದ ಅಲ್ವಾ, ಇದಕ್ಕೇನು ಹಕ್ಕು ಅಂತ ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ.

ನಮ್ಮ ಕಡೆ ನಡೆಯುವುದು ಹೀಗೆ. ಹುಡುಗ ಚೆನ್ನಾಗಿ ಹಾಡುತ್ತಾನೆ. ಚಾನೆಲ್‌ನವರು ಕರೆದು ಒಂದು ಹಾಡಿಗೆ ಇಷ್ಟು ಅಂತ ಕೈಗೆ ಕೊಡುತ್ತಾರೆ, ಸ್ಟುಡಿಯೋ ಖರ್ಚು, ವಿಡಿಯೋ ಖರ್ಚು ಅವರದೇ. ಒಂದು ಕಾಗದಕ್ಕೆ ಸಹಿ. ಎಷ್ಟೋ ಸಲ ಕಾಗದವೂ ಇಲ್ಲ, ವಾಟ್ಸಾಪ್ ಮಾತು. ಹಾಡು ಹಿಟ್ ಆದರೆ ದುಡ್ಡು ಚಾನೆಲ್‌ಗೆ, ಹೆಸರು ಹುಡುಗನಿಗೆ. ಚಾನೆಲ್‌ನವರದು ತಪ್ಪು ಅಂತ ಎಲ್ಲ ಸಲ ಹೇಳಲು ಬರುವುದಿಲ್ಲ, ಹತ್ತು ಹಾಡಿಗೆ ದುಡ್ಡು ಹಾಕಿದರೆ ಒಂದು ಓಡುತ್ತದೆ. ಆದರೆ ಹುಡುಗನಿಗೆ ತಾನು ಏನು ಕೊಟ್ಟೆ ಅನ್ನುವುದೇ ಗೊತ್ತಿರುವುದಿಲ್ಲ. ಹೊಲ ಖರೀದಿ ಕೊಡುವುದು ಬೇರೆ, ಲೀಜಿಗೆ ಹಾಕುವುದು ಬೇರೆ. ಖರೀದಿ ಕೊಟ್ಟರೆ ಮುಂದಿನ ಬೆಳೆಯೆಲ್ಲ ಅವರದು. ಲೀಜಿಗೆ ಹಾಕಿದರೆ ಅವಧಿ ಮುಗಿದ ಮೇಲೆ ಹೊಲ ವಾಪಸ್ ಬರುತ್ತದೆ. ಹೊಲದ ವಿಷಯದಲ್ಲಿ ಪಹಣಿ ನೋಡದೆ ಸಹಿ ಹಾಕದ ಮನೆಯವರು ಹಾಡಿನ ವಿಷಯದಲ್ಲಿ ಓದದೆ ಹಾಕುತ್ತಾರೆ.

ಕಾಯ್ದೆ ಕೆಲವು ಕಡೆ ಕೈ ಹಿಡಿಯುತ್ತದೆ. ಹಕ್ಕು ವರ್ಗಾವಣೆ ಲಿಖಿತವಾಗಿ, ಸಹಿಯೊಂದಿಗೆ ಇರಬೇಕು. ಎಷ್ಟು ವರ್ಷಕ್ಕೆ ಅಂತ ಬರೆದಿರದಿದ್ದರೆ 5 ವರ್ಷ ಅಂತಲೇ ಅರ್ಥ. ಯಾವ ಪ್ರದೇಶಕ್ಕೆ ಅಂತ ಇಲ್ಲದಿದ್ದರೆ ಭಾರತಕ್ಕೆ ಮಾತ್ರ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಕರಾರಿನಲ್ಲಿ ಬೇರೆ ಮಾತು ಇಲ್ಲದ ಪಕ್ಷದಲ್ಲಿ, ಅದು ಬಿದ್ದುಹೋಗುತ್ತದೆ. ಸಾಹಿತ್ಯ ಬರೆದವರು, ರಾಗ ಹಾಕಿದವರು ಹಕ್ಕು ಕೊಟ್ಟರೂ ರಾಯಲ್ಟಿಯಲ್ಲಿ, ಅಂದರೆ ಹಾಡು ಬಳಸಿದ್ದಕ್ಕೆ ಬರುವ ದುಡ್ಡಿನಲ್ಲಿ, ಅವರಿಗೆ ಸಮಪಾಲು ಸಲ್ಲಬೇಕು. ಆ ಪಾಲನ್ನು ಬೇಡ ಅಂತ ಬರೆಸಿಕೊಂಡರೂ ಅದು ನಿಲ್ಲುವುದಿಲ್ಲ. ಹಾಡಿದವರಿಗೂ ವಾಣಿಜ್ಯ ಬಳಕೆಯಲ್ಲಿ ರಾಯಲ್ಟಿ ಉಂಟು ಅಂತ ಕಾಯ್ದೆ ಹೇಳುತ್ತದೆ.

ಈ ರಾಯಲ್ಟಿ ವಸೂಲು ಮಾಡಿ ಹಂಚಲು ಸಂಘಗಳಿವೆ. ಬರೆದವರಿಗೆ, ರಾಗ ಹಾಕಿದವರಿಗೆ 1969ರಲ್ಲಿ ಶುರುವಾದ ಐಪಿಆರ್‌ಎಸ್ ಇದೆ. ಗಾಯಕರಿಗೆ, ವಾದ್ಯಗಾರರಿಗೆ ಇಸಮ್ರಾ ಇದೆ. ಸದಸ್ಯರಾಗಿ, ತಮ್ಮ ಹಾಡುಗಳ ವಿವರ ದಾಖಲಿಸಿದವರಿಗೆ ಮಾತ್ರ ಪಾಲು. ಮದುವೆ ಮನೆಯಲ್ಲಿ ನಿಮ್ಮ ಹಾಡು ಹಾಕಿದರೆ ಮಾತ್ರ ಏನೂ ಬರುವುದಿಲ್ಲ. ಧಾರ್ಮಿಕ ಕಾರ್ಯ, ಮದುವೆ ಮೆರವಣಿಗೆ, ಮದುವೆಯ ಸಮಾರಂಭಗಳಿಗೆ ಕಾಯ್ದೆಯೇ ವಿನಾಯಿತಿ ಕೊಟ್ಟಿದೆ. ನಮ್ಮ ಹಾಡುಗಳು ಹೆಚ್ಚು ಮೊಳಗುವುದು ಅಲ್ಲೇ ಅಲ್ವಾ?

ವ್ಯೂಸ್ ದುಡ್ಡಾಗುವುದು ಹೇಗೆ

ವ್ಯೂಸಿಗೆ ಇಷ್ಟು ಅಂತ ಯೂಟ್ಯೂಬ್ ದರ ಕಟ್ಟಿಲ್ಲ. ದುಡ್ಡು ಬರುವುದು ಜಾಹೀರಾತಿನಿಂದ. ಎಲ್ಲ ವೀಕ್ಷಣೆಗೂ ಜಾಹೀರಾತು ಬರುವುದಿಲ್ಲ. ನೋಡುವವರು ಯಾವ ಊರಿನವರು, ಜಾಹೀರಾತು ಕೊಡುವ ಕಂಪನಿ ಎಷ್ಟು ಕೊಡುತ್ತದೆ ಅನ್ನುವುದರ ಮೇಲೆ ಮೊತ್ತ ನಿಂತಿದೆ. ಉದ್ದ ವಿಡಿಯೋದ ಜಾಹೀರಾತಿನ ಆದಾಯದಲ್ಲಿ ಚಾನೆಲ್‌ಗೆ ಶೇ 55. ಶಾರ್ಟ್ಸ್‌ನಲ್ಲಿ ಚಾನೆಲ್‌ಗಳ ಪಾಲಿಗೆ ಬಂದ ಮೊತ್ತದಲ್ಲಿ ಶೇ 45.

ಜಾಹೀರಾತಿನ ಪಾಲು ಬೇಕಾದರೆ ಚಾನೆಲ್‌ಗೆ 1,000 ಚಂದಾದಾರರು ಇರಬೇಕು. ಜೊತೆಗೆ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆ ಬೇಕು. ಖಾತೆಯಲ್ಲಿ 100 ಡಾಲರ್ ಆದ ಮೇಲೆಯೇ ಬ್ಯಾಂಕಿಗೆ ಬರುವುದು. ಸಿನಿಮಾ ಹಾಡನ್ನು ನೀವು ಎಷ್ಟು ಚೆನ್ನಾಗಿ ಹಾಡಿ ಹಾಕಿದರೂ ಹಕ್ಕುದಾರ ಕಂಪನಿ ಅದು ನಮ್ಮದು ಅಂತ ಕ್ಲೇಮ್ ಹಾಕಬಹುದು, ಆಗ ಜಾಹೀರಾತಿನ ದುಡ್ಡು ಅವರಿಗೆ ಹೋಗುತ್ತದೆ. ಸ್ವಂತ ಸಾಹಿತ್ಯ, ಸ್ವಂತ ರಾಗ ಇರುವವರಿಗೆ ಇಲ್ಲಿ ಬಲ ಜಾಸ್ತಿ.

ಹಾಡು ಕೇಳುವ ಆ್ಯಪ್‌ಗಳಲ್ಲಿ ಸಾಮಾನ್ಯವಾಗಿ ತಿಂಗಳ ಆದಾಯದ ಒಂದು ಭಾಗವನ್ನು ಒಟ್ಟಿಗೆ ಹಾಕಿ, ಯಾವ ಹಾಡನ್ನು ಎಷ್ಟು ಸಲ ಕೇಳಿದ್ದಾರೆ ಅನ್ನುವ ಪ್ರಮಾಣದಲ್ಲಿ ಹಂಚುತ್ತಾರೆ. ದೊಡ್ಡ ಸಿನಿಮಾ ಹಾಡುಗಳ ಪಕ್ಕದಲ್ಲಿ ನಮ್ಮ ತತ್ವಪದದ ಪಾಲು ಎಷ್ಟಿರಬಹುದು ಊಹಿಸಿ. ಸ್ಪಾಟಿಫೈ 2024ರಿಂದ, ಹಿಂದಿನ 12 ತಿಂಗಳಲ್ಲಿ 1,000 ಸಲ ಕೇಳಿಸದ ಹಾಡಿಗೆ ಆ ಪಾಲನ್ನೂ ಕೊಡುವುದಿಲ್ಲ.

ಹಾಗಾದರೆ ಫೋನು ದಂಡವೇ? ಹಾಗಲ್ಲ. ಫೋನಿನಲ್ಲಿ ಹೆಸರಾದರೆ ಕಾರ್ಯಕ್ರಮಕ್ಕೆ ಕರೆ ಬರುತ್ತದೆ, ದರ ಏರುತ್ತದೆ. ಈಗಿನ ಎಷ್ಟೋ ಜಾನಪದ ಗಾಯಕರ ನಿಜವಾದ ದುಡಿಮೆ ಹೀಗೆ ಬಂದ ಕಾರ್ಯಕ್ರಮಗಳೇ. ಅದಕ್ಕೇ ವಿಡಿಯೋದಲ್ಲಿ ನಿಮ್ಮ ಹೆಸರು, ಊರು, ಸಂಪರ್ಕದ ನಂಬರು ಹಾಕಬೇಕು ಅಂತ ಕರಾರಿನಲ್ಲೇ ಕೇಳಿ ಬರೆಸಿಕೊಳ್ಳುವುದು ಒಳ್ಳೆಯದು.

ಬ್ಯಾಂಕು, ತೆರಿಗೆ, ಕಾಗದ ಪತ್ರ

ಬ್ಯಾಂಕು ಸಾಲ ಕೊಡುವಾಗ ಆದಾಯದ ಪುರಾವೆ ಕೇಳುತ್ತದೆ. ಗುಡಿಯ ಕಟ್ಟೆ ಮೇಲೆ ಎಣಿಸಿಕೊಂಡ ನೋಟಿಗೆ ಯಾವ ಪುರಾವೆ? ಹೀಗಾಗಿ ಸಂಗೀತಗಾರರು ಕೈಸಾಲಕ್ಕೆ, ಮೀಟರ್ ಬಡ್ಡಿಗೆ ಹೋಗುತ್ತಾರೆ. ಮೊದಲು ಹೇಳುತ್ತೇನೆ ಅಂದ ಕಾರಣ ಇದೇ. ಗೌರವಧನವನ್ನು ಫೋನ್‌ಪೇಯಲ್ಲೋ ಖಾತೆಗೋ ಹಾಕಿಸಿಕೊಂಡರೆ ಎರಡು ವರ್ಷದಲ್ಲಿ ಪಾಸ್‌ಬುಕ್ಕೇ ಪುರಾವೆ ಆಗುತ್ತದೆ.

ಸರ್ಕಾರಿ ಕಾರ್ಯಕ್ರಮದ ಸಂಭಾವನೆಯಲ್ಲಿ ಟಿಡಿಎಸ್ ಅಂತ, ಅಂದರೆ ಮುಂಚಿತವಾಗಿ ಹಿಡಿಯುವ ತೆರಿಗೆ ಅಂತ, ಸ್ವಲ್ಪ ಹಿಡಿದುಕೊಳ್ಳಬಹುದು. ಪ್ಯಾನ್ ಕೊಡದಿದ್ದರೆ ಶೇ 20 ಹಿಡಿಯುತ್ತಾರೆ. ಇದು ಹೋದ ದುಡ್ಡಲ್ಲ. 2025–26ರಿಂದ ಹೊಸ ತೆರಿಗೆ ಪದ್ಧತಿಯಲ್ಲಿ ಇಂಥ ದುಡಿಮೆಯ ಆದಾಯ 12 ಲಕ್ಷದವರೆಗೆ ಇದ್ದರೆ ತೆರಿಗೆಯೇ ಬೀಳುವುದಿಲ್ಲ. ಪ್ಯಾನ್ ಕೊಟ್ಟಿದ್ದು, ರಿಟರ್ನ್ ಸಲ್ಲಿಸಿದರೆ ಹಿಡಿದದ್ದು ವಾಪಸ್ ಬರುತ್ತದೆ, ಆ ರಿಟರ್ನ್ ಕಾಗದ ಬ್ಯಾಂಕಿನಲ್ಲೂ ಕೆಲಸಕ್ಕೆ ಬರುತ್ತದೆ. ಜಿಎಸ್‌ಟಿ ಅಂದರೆ ಹೆದರುವವರಿಗೆ ಒಂದು ಮಾತು: ಜಾನಪದ ಅಥವಾ ಶಾಸ್ತ್ರೀಯ ಸಂಗೀತ, ನೃತ್ಯ, ರಂಗಭೂಮಿಯ ಪ್ರದರ್ಶನಕ್ಕೆ ಕಲಾವಿದರು ಪಡೆಯುವ ಸಂಭಾವನೆ 1,50,000 ರೂಪಾಯಿವರೆಗೆ ಇದ್ದರೆ ಅದಕ್ಕೆ ಜಿಎಸ್‌ಟಿ ಇಲ್ಲ. ವರ್ಷದ ವಹಿವಾಟು 20 ಲಕ್ಷ ದಾಟದಿದ್ದರೆ ಸಾಮಾನ್ಯವಾಗಿ ನೋಂದಣಿಯೂ ಬೇಕಿಲ್ಲ.

ಇನ್ನು ಸರ್ಕಾರದ ದುಡ್ಡು ಬಿಲ್ ಪಾಸಾಗಿ ಬರಲು ಎಷ್ಟೋ ಸಲ ತಿಂಗಳುಗಳೇ ಹಿಡಿಯುತ್ತವೆ. ಉತ್ಸವಕ್ಕೆ ಹೋಗುವಾಗ ಗಾಡಿ ಬಾಡಿಗೆ ಮಾತ್ರ ಅವತ್ತೇ ಕೊಡಬೇಕು.

ಪ್ರಶಸ್ತಿ ಬಂದರೆ?

ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ತೊಗಲು ಗೊಂಬೆಯಾಟಕ್ಕೆ ಪದ್ಮಶ್ರೀ ಬಂತು. ಆಗ ಅವರಿಗೆ ತೊಂಬತ್ತು ದಾಟಿತ್ತು. ನಮ್ಮವರೆಲ್ಲ ಹಿಗ್ಗಿದೆವು. ಪದ್ಮ ಪ್ರಶಸ್ತಿಯ ಜೊತೆ ನಗದು ಇರುವುದಿಲ್ಲ ಅನ್ನುವುದು ಬಹಳ ಜನರಿಗೆ ಗೊತ್ತಿಲ್ಲ. ರಾಜ್ಯೋತ್ಸವ ಪ್ರಶಸ್ತಿಗೆ ನಗದು, ಚಿನ್ನದ ಪದಕ ಉಂಟು, ಅದು ಸಿಗುವುದು ಎಲ್ಲ ಕ್ಷೇತ್ರ ಸೇರಿ ಕೆಲವರಿಗೆ ಮಾತ್ರ. ಬುರ್ರಕಥೆಯ ದರೋಜಿ ಈರಮ್ಮ 2014ರಲ್ಲಿ ತೀರಿಕೊಳ್ಳುವ ತನಕ ಮಹಾಕಾವ್ಯಗಳನ್ನೇ ನಾಲಿಗೆ ಮೇಲೆ ಇಟ್ಟುಕೊಂಡಿದ್ದರು. ಅಂಥ ಮನೆತನಗಳ ಮಕ್ಕಳು ಅದನ್ನೇ ಹೊಟ್ಟೆಪಾಡು ಮಾಡಿಕೊಳ್ಳಲು ಹಿಂಜರಿದರೆ ಅವರನ್ನು ತಪ್ಪು ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಇನ್ನೊಂದು ದುಡಿಮೆ ಇಟ್ಟುಕೊಳ್ಳುವುದು ಕಲೆಗೆ ಮಾಡುವ ದ್ರೋಹ ಅಲ್ಲ. ಬಳ್ಳಾರಿ ರಾಘವರು ವಕೀಲರಾಗಿದ್ದುಕೊಂಡೇ ನಾಟಕ ಆಡಿದವರು.

ಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನ ಇದೆ. ಕಲಾಸೇವೆಯ ದಾಖಲೆ ಕೇಳುತ್ತಾರೆ. ಇಲ್ಲೇ ಬಹಳ ಜನ ಎಡವುವುದು. ನಲವತ್ತು ವರ್ಷ ಹಾಡಿದವರ ಮನೆಯಲ್ಲಿ ಒಂದು ಕರಪತ್ರ ಇರುವುದಿಲ್ಲ. ಆದ್ದರಿಂದ ಜಾತ್ರೆಯ ಕರಪತ್ರ, ಪತ್ರಿಕೆಯ ತುಣುಕು, ಸನ್ಮಾನದ ಪತ್ರ, ಫೋಟೋ ಎಲ್ಲವನ್ನೂ ಇವತ್ತಿನಿಂದಲೇ ಒಂದು ಫೈಲಿಗೆ ಹಾಕುತ್ತಾ ಹೋಗಿ. ದಿನಾಂಕ ಕಾಣುವಂತೆ ಇರಲಿ.

16ರಿಂದ 59 ವರ್ಷದ ಅಸಂಘಟಿತ ಕೆಲಸಗಾರರು ಕೇಂದ್ರ ಸರ್ಕಾರದ ಇ-ಶ್ರಮ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಬಹುದು, ಪಿಎಫ್, ಇಎಸ್‌ಐ ಇಲ್ಲದ ಸಂಗೀತಗಾರರೂ ಅದರಲ್ಲಿ ಬರುತ್ತಾರೆ. ರಾತ್ರಿ ಗಾಡಿಯಲ್ಲಿ ಓಡಾಡುವವರಿಗೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮರೆಯಬಾರದ್ದು. ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸಾವಾದರೆ 2 ಲಕ್ಷ. 18ರಿಂದ 40 ವರ್ಷದೊಳಗೆ, ಆದಾಯ ತೆರಿಗೆ ಕಟ್ಟದವರು ಅಟಲ್ ಪಿಂಚಣಿಗೆ ಸೇರಿದರೆ 60 ಆದ ಮೇಲೆ ಕಟ್ಟಿದ ಕಂತಿಗೆ ತಕ್ಕಂತೆ ತಿಂಗಳಿಗೆ 1,000ದಿಂದ 5,000 ರೂಪಾಯಿ ಬರುತ್ತದೆ. ಇದರ ಕಂತನ್ನು ಮೂರು ತಿಂಗಳಿಗೊಮ್ಮೆ, ಆರು ತಿಂಗಳಿಗೊಮ್ಮೆಯೂ ಕಟ್ಟಬಹುದು. ಆರು ತಿಂಗಳ ಕಂತು ಆರಿಸಿಕೊಂಡು, ಅದರ ದುಡ್ಡನ್ನು ಲಗ್ನ ಜಾತ್ರೆಗಳ ಸುಗ್ಗಿಯಲ್ಲೇ ಖಾತೆಯಲ್ಲಿ ತೆಗೆದಿಟ್ಟರೆ ಆಷಾಢದಲ್ಲಿ ಕಂತು ತಪ್ಪುವುದಿಲ್ಲ.